ಕಪ್ಪತಗುಡ್ಡದ ರಕ್ಷಣೆಯೂ ಶ್ರೀಮಠದ ಕಾಯಕವೂ

ಗದಗು, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿಕೊಂಡಿರುವ ಕಪ್ಪತಗುಡ್ಡವು ಎತ್ತರದಲ್ಲಿ ಸಹ್ಯಾದ್ರಿಗೆ ಸರಿಬಾರದಾದರೂ ಈ ಎರೆನಾಡಿಗೆ ಅದು ಮಾಡುವ ಉಪಕಾರವು ಅಲ್ಪವಾದುದಲ್ಲ. ಮಳೆಯು ವಿರಳವಾದ ಈ ಸೀಮೆಯಲ್ಲಿ ಗುಡ್ಡದ ಹುಲ್ಲೂ ಕುರುಚಲು ಗಿಡಗಳೂ ಬಿದ್ದ ಹನಿಯನ್ನು ತಡೆದು ನೆಲದೊಳಕ್ಕೆ ಇಳಿಸುವವು. ಆ ನೀರೇ ಹಳ್ಳವಾಗಿ ಹರಿದು ಕೆರೆಬಾವಿಗಳನ್ನು ತುಂಬುವದು. ಹಸುರಳಿದರೆ ಮಳೆಯು ಮಣ್ಣನ್ನು ಕೊಚ್ಚಿಕೊಂಡು ಹೋಗಿ ಕೆರೆಗಳಲ್ಲಿ ಹೂಳು ತುಂಬುವದು.

ಇದೇ ಗುಡ್ಡದ ಮೇಲೆ ಔಷಧದ ಮೂಲಿಕೆಗಳಿವೆ. ಒಡಲಲ್ಲಿ ಕಬ್ಬಿಣದ ಅದಿರೂ ಬಂಗಾರವೂ ಇವೆ. ಒಂದು ಸಂಪತ್ತು ವರ್ಷವರ್ಷವೂ ಚಿಗುರುವಂಥದು, ಇನ್ನೊಂದು ಒಮ್ಮೆ ಅಗೆದರೆ ತೀರುವಂಥದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆಂಗ್ಲ ಕಂಪನಿಗಳು ಗದಗು ಸೀಮೆಯಲ್ಲಿ ಬಂಗಾರವನ್ನು ಅಗೆದು, ಕೆಲವೇ ವರ್ಷಗಳಲ್ಲಿ ಕೆಲಸವನ್ನು ನಿಲ್ಲಿಸಿ ಹೋದವು. ಒಕ್ಕಲಿಗನ ನೇಗಿಲು ಮಾತ್ರ ನಿಲ್ಲಲಿಲ್ಲ.

1974ರಲ್ಲಿ ಡಂಬಳ-ಗದುಗಿನ ತೋಂಟದಾರ್ಯ ಮಠದ ಪೀಠವನ್ನೇರಿದ ಪರಮಪೂಜ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಈ ಭೇದವನ್ನು ಚೆನ್ನಾಗಿ ಅರಿತಿದ್ದರು. ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತಣ ಸಾಗುವಳಿಯ ಭೂಮಿಯನ್ನು ಪೋಸ್ಕೋ ಎಂಬ ಕೊರಿಯದ ಉಕ್ಕಿನ ಕಂಪನಿಗಾಗಿ ವಶಪಡಿಸಿಕೊಳ್ಳಲು ಸರಕಾರವು ಮುಂದಾದಾಗ ಅವರು ಮಠದಿಂದ ಹೊರಬಂದು ರೈತರ ಮುಂದೆ ನಿಂತರು. 2011ರ ಜುಲೈಯಲ್ಲಿ ಸರಕಾರವು ಆ ಯೋಜನೆಯನ್ನು ಕೈಬಿಟ್ಟಿತು.

ಹೊಲವುಳಿದರೂ ಗುಡ್ಡದ ಚಿಂತೆ ತೀರಲಿಲ್ಲ. 2015ರ ಡಿಸೆಂಬರಿನಲ್ಲಿ ಕಪ್ಪತಗುಡ್ಡಕ್ಕೆ ಸಂರಕ್ಷಿತ ಪ್ರದೇಶವೆಂಬ ಸ್ಥಾನವು ದೊರೆಯಿತಾದರೂ 2016ರ ನವೆಂಬರಿನಲ್ಲಿ ಸರಕಾರವು ಅದನ್ನು ಹಿಂತೆಗೆದುಕೊಂಡಿತು. ಗಣಿಗಾರಿಕೆಗೆ ದಾರಿಯಾದೀತೆಂದು ಜನರು ಕಳವಳಗೊಂಡರು. 2017ರ ಫೆಬ್ರುವರಿಯಲ್ಲಿ ಶ್ರೀಗಳವರ ನೇತೃತ್ವದಲ್ಲಿ ಗದುಗಿನಲ್ಲಿ ಧರಣಿಯು ನಡೆಯಿತು. ಏಪ್ರಿಲಿನಲ್ಲಿ ಆ ಸ್ಥಾನವು ಮರಳಿ ಬಂದಿತು. ಶ್ರೀಗಳವರು 2018ರ ಅಕ್ಟೋಬರ 20ರಂದು ಲಿಂಗೈಕ್ಯರಾದರು. ಮರುವರ್ಷ, 2019ರಲ್ಲಿ, 244 ಚದರ ಕಿಲೋಮೀಟರು ಪ್ರದೇಶವು ವನ್ಯಜೀವಿಧಾಮವಾಯಿತು. ಅದನ್ನು ಕಾಣಲು ಅವರಿರಲಿಲ್ಲ.

ಗುಡ್ಡದ ವಿಷಯವು ಮಠಕ್ಕೇಕೆ ಎಂದು ಕೇಳುವವರುಂಟು. ಕಾಯಕಕ್ಕೆ ನೆಲ ಬೇಕು, ದಾಸೋಹಕ್ಕೆ ಧಾನ್ಯ ಬೇಕು, ಇವೆರಡಕ್ಕೂ ನೀರು ಬೇಕು. ನೀರಿನ ಮೂಲವನ್ನು ಕೆಡಿಸಿ ಗಳಿಸಿದ್ದು ಮುಂದಿನ ಮಕ್ಕಳ ಪಾಲನ್ನು ಇಂದೇ ಉಂಡಂತೆ; ಅದು ಅಭಿವೃದ್ಧಿಯಲ್ಲ.

ಕಾಯಿದೆಯು ಗಡಿಯನ್ನು ಹಾಕಬಲ್ಲದೇ ಹೊರತು ಬೇಸಿಗೆಯಲ್ಲಿ ಒಣಹುಲ್ಲಿಗೆ ಬೀಳುವ ಬೆಂಕಿಯನ್ನು ಆರಿಸಲಾರದು. ಆ ಬೆಂಕಿ ಬೀಳದಂತೆ ಕಾಯುವ ಕಾಯಕವು ಗುಡ್ಡದ ಮಗ್ಗುಲಿನ ಸದ್ಭಕ್ತರ ಪಾಲಿಗೆ ಉಳಿದಿರುವದು.