ಊರ ದನದ ರೋಗ, ಕಾಡಿನ ಕಾಟಿಗೆ ಸಾವು: ಬಂಡೀಪುರ ಕಲಿಸಿದ ಪಾಠ

ಮೈಸೂರು: ಜಾನುವಾರುಗಳಿಗೆ ರೋಗ ಬಂದರೆ ಅದಕ್ಕೆ ಕಾಡುಪ್ರಾಣಿಯನ್ನು ಹೊಣೆ ಮಾಡಿ ಕೊಲ್ಲಬೇಕೆ, ಇಲ್ಲವೇ ಕಾನೂನಿನ ರಕ್ಷಣೆ ಕೊಟ್ಟು ಉಳಿಸಬೇಕೆ? ಇಂಗ್ಲೆಂಡಿನಲ್ಲಿ ಬ್ಯಾಜರ್ ಎಂಬ ಪ್ರಾಣಿಯನ್ನು ಕುರಿತು ಅರ್ಧ ಶತಮಾನದಿಂದ ಈ ಚರ್ಚೆ ನಡೆದಿದೆ. ಮೈಸೂರಿನಿಂದ ಸುಮಾರು 80 ಕಿ.ಮೀ. ದೂರದ ಬಂಡೀಪುರದ ಅನುಭವ ಇದಕ್ಕೆ ತದ್ವಿರುದ್ಧವಾದುದು. ಇಲ್ಲಿ ರೋಗ ಹರಿದದ್ದು ಊರಿನಿಂದ ಕಾಡಿಗೆ. ಸತ್ತದ್ದು ಕಾಟಿ, ಅಂದರೆ ಕಾಡೆಮ್ಮೆ.

ಬ್ಯಾಜರ್ ವಿವಾದವೇನು?

ಬ್ಯಾಜರ್ ನಮ್ಮ ತರಕರಡಿಯ ದೂರದ ಸಂಬಂಧಿ. ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬದುಕುವ ನಿಶಾಚರಿ. 1971ರಲ್ಲಿ ಗ್ಲಾಸ್ಟರ್‌ಷೈರ್‌ನಲ್ಲಿ ಸತ್ತುಬಿದ್ದಿದ್ದ ಒಂದು ಬ್ಯಾಜರ್‌ನಲ್ಲಿ ದನಗಳ ಕ್ಷಯರೋಗದ ಸೋಂಕು ಪತ್ತೆಯಾಯಿತು. ಅಂದಿನಿಂದ ಹೈನುಗಾರರು ಅದರ ನಿರ್ಮೂಲನೆಯನ್ನು ಬಯಸಿದರೆ, ಪ್ರಾಣಿಪ್ರಿಯರು ರಕ್ಷಣೆಯನ್ನು ಒತ್ತಾಯಿಸಿದರು. 1992ರ ಬ್ಯಾಜರ್ ಸಂರಕ್ಷಣಾ ಕಾಯ್ದೆಯಂತೆ ಪರವಾನಗಿ ಇಲ್ಲದೆ ಅದನ್ನು ಕೊಲ್ಲುವುದು ಅಪರಾಧ.

1998ರಿಂದ 2005ರವರೆಗೆ ಸರ್ಕಾರವೇ ಒಂದು ದೊಡ್ಡ ಪ್ರಯೋಗ ನಡೆಸಿತು. ಸುಮಾರು 11 ಸಾವಿರ ಬ್ಯಾಜರ್‌ಗಳನ್ನು ಕೊಲ್ಲಲಾಯಿತು. ಹತ್ಯೆ ನಡೆದ ಪ್ರದೇಶದೊಳಗೆ ದನಗಳ ರೋಗ ಒಂದಿಷ್ಟು ತಗ್ಗಿತಾದರೂ ಅದರ ಹೊರ ಅಂಚಿನಲ್ಲಿ ಹೆಚ್ಚಿತು. ಗುಂಪು ಒಡೆದು ಅಳಿದುಳಿದ ಪ್ರಾಣಿಗಳು ದೂರದೂರಕ್ಕೆ ಅಲೆದದ್ದೇ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಗುರುತಿಸಿದರು. ಹತ್ಯೆಯಿಂದ ಅರ್ಥಪೂರ್ಣ ಪ್ರಯೋಜನವಿಲ್ಲವೆಂದು ತಜ್ಞರ ಸಮಿತಿ 2007ರಲ್ಲಿ ವರದಿ ನೀಡಿತು. ಆದರೂ 2013ರಲ್ಲಿ ಪರವಾನಗಿ ಪಡೆದ ಹತ್ಯೆ ಮತ್ತೆ ಆರಂಭವಾಗಿ, ಮುಂದಿನ ವರ್ಷಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಬ್ಯಾಜರ್‌ಗಳು ಬಲಿಯಾದವು. ಈಗಿನ ಸಂಸತ್ತಿನ ಅವಧಿ ಮುಗಿಯುವುದರೊಳಗೆ ಹತ್ಯೆಯನ್ನು ನಿಲ್ಲಿಸುವುದಾಗಿ ಅಲ್ಲಿನ ಸರ್ಕಾರ 2024ರಲ್ಲಿ ಪ್ರಕಟಿಸಿದೆ.

1968ರ ದೊಡ್ಡರೋಗ

ಮೈಸೂರು ಅರಸರು ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಕಾಯ್ದಿರಿಸಿದ ಕಾಡೇ ಇಂದಿನ ಬಂಡೀಪುರದ ಮೂಲ. ಕಾಟಿಗಳ ಹಿಂಡಿಗೆ ಹೆಸರಾದ ಈ ಕಾಡಿಗೂ ಪಕ್ಕದ ಮುದುಮಲೆಗೂ 1968ರಲ್ಲಿ ದೊಡ್ಡರೋಗ ಬಡಿಯಿತು. ಜ್ವರ, ಬಾಯಿಹುಣ್ಣು, ವಿಪರೀತ ಭೇದಿಯಿಂದ ದನಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುವ ವೈರಾಣು ರೋಗವಿದು. ಒಂದೇ ಹುಲ್ಲುಗಾವಲು, ಒಂದೇ ಕೆರೆಯನ್ನು ಹಂಚಿಕೊಂಡ ಕಾಟಿಗಳಿಗೂ ಸೋಂಕು ತಗುಲಿ, ಅವುಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಹಿಂಡುಗಳು ಚೇತರಿಸಿಕೊಳ್ಳಲು ಹಲವು ವರ್ಷಗಳೇ ಬೇಕಾದವು.

ಆಗ ಕಾಟಿಯನ್ನು ಕೊಂದಿದ್ದರೆ ರೋಗ ನಿಲ್ಲುತ್ತಿರಲಿಲ್ಲ. ಭಾರತದಲ್ಲಿ ದೊಡ್ಡರೋಗದ ವೈರಾಣುವಿಗೆ ಆಶ್ರಯವಾಗಿದ್ದದ್ದು ಊರ ಜಾನುವಾರು. ಆದ್ದರಿಂದ ಹೋರಾಟವೆಲ್ಲ ಕೊಟ್ಟಿಗೆಯಲ್ಲೇ ನಡೆಯಿತು. ಈ ರೋಗದ ನಿಗ್ರಹಕ್ಕೆಂದೇ ಮೈಸೂರು ಸಂಸ್ಥಾನ 1925ರಲ್ಲಿ ಬೆಂಗಳೂರಿನಲ್ಲಿ ಸೀರಂ ಸಂಸ್ಥೆ ಸ್ಥಾಪಿಸಿತ್ತು. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ ಅದರ ಇಂದಿನ ರೂಪ. 1954ರಲ್ಲಿ ದೇಶವ್ಯಾಪಿ ನಿರ್ಮೂಲನಾ ಕಾರ್ಯಕ್ರಮ ಆರಂಭವಾಯಿತು. 1995ರಲ್ಲಿ ತಮಿಳುನಾಡಿನಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ. 2006ರಲ್ಲಿ ಭಾರತ, 2011ರಲ್ಲಿ ಇಡೀ ಜಗತ್ತು ದೊಡ್ಡರೋಗದಿಂದ ಮುಕ್ತವೆಂದು ಘೋಷಿಸಲಾಯಿತು. ಸಿಡುಬಿನ ನಂತರ ಭೂಮಿಯಿಂದ ಅಳಿಸಲಾದ ಎರಡನೆಯ ರೋಗವಿದು.

ಆಫ್ರಿಕದ ಸೆರೆಂಗೆಟಿಯಲ್ಲೂ ಇದೇ ಅನುಭವ. ಅಲ್ಲಿ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ, 1960ರ ದಶಕದ ಆರಂಭದಲ್ಲಿ ಎರಡೂವರೆ ಲಕ್ಷದಷ್ಟಿದ್ದ ವೈಲ್ಡ್‌ಬೀಸ್ಟ್‌ಗಳು 1970ರ ದಶಕದ ಅಂತ್ಯಕ್ಕೆ 13 ಲಕ್ಷ ಮುಟ್ಟಿದವು.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಟಿ ಮೊದಲ ಅನುಸೂಚಿಯ ಪ್ರಾಣಿ. ಮನುಷ್ಯನ ಜೀವಕ್ಕೆ ಅಪಾಯ ತಂದಾಗ, ಅಥವಾ ಗುಣಪಡಿಸಲಾರದಷ್ಟು ರೋಗಗ್ರಸ್ತವೋ ಅಂಗವಿಕಲವೋ ಆದಾಗ ಮಾತ್ರ 11ನೇ ಸೆಕ್ಷನ್ ಅನ್ವಯ ಮುಖ್ಯ ವನ್ಯಜೀವಿ ಪರಿಪಾಲಕರು ಬೇಟೆಗೆ ಅನುಮತಿ ನೀಡಬಹುದು. 62ನೇ ಸೆಕ್ಷನ್ ಕೆಲವು ಪ್ರಾಣಿಗಳನ್ನು ನಿರ್ದಿಷ್ಟ ಪ್ರದೇಶ ಮತ್ತು ಅವಧಿಗೆ ‘ಪೀಡಕ’ವೆಂದು ಸಾರುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. 2015-16ರಲ್ಲಿ ಬಿಹಾರದ ನೀಲ್‌ಗಾಯ್, ಉತ್ತರಾಖಂಡದ ಕಾಡುಹಂದಿಗಳು ಬೆಳೆಹಾನಿಯ ಕಾರಣಕ್ಕೆ ಹೀಗೆ ಘೋಷಿತವಾದವು. ಮೊದಲ ಅನುಸೂಚಿಯ ಪ್ರಾಣಿಗಳಿಗೆ ಈ ಸೆಕ್ಷನ್ ಅನ್ವಯಿಸದು.

ಹೆಚ್ಚು ಚರ್ಚೆಗೆ ಬಾರದ, ಆದರೆ ಈ ವಿಷಯದಲ್ಲಿ ಅತಿ ಮುಖ್ಯವಾದದ್ದು 1991ರ ತಿದ್ದುಪಡಿಯಲ್ಲಿ ಸೇರಿಸಿದ 33ಎ ಸೆಕ್ಷನ್. ಅಭಯಾರಣ್ಯದೊಳಗೆ ಹಾಗೂ ಅದರ 5 ಕಿ.ಮೀ. ವ್ಯಾಪ್ತಿಯಲ್ಲಿರುವ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗಗಳ ವಿರುದ್ಧ ಲಸಿಕೆ ಹಾಕಿಸುವ ಕ್ರಮ ಕೈಗೊಳ್ಳುವುದು ಮುಖ್ಯ ವನ್ಯಜೀವಿ ಪರಿಪಾಲಕರ ಹೊಣೆ. ಲಸಿಕೆ ಪಡೆಯದ ದನವನ್ನು ಅಭಯಾರಣ್ಯದೊಳಗೆ ಒಯ್ಯುವಂತಿಲ್ಲ, ಮೇಯಿಸುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಂತೂ ಮೇಯಿಸುವುದೇ ನಿಷಿದ್ಧ.

ಈಗಿನ ಆತಂಕ

ದೊಡ್ಡರೋಗ ಹೋಯಿತು, ಕಾಲುಬಾಯಿ ಜ್ವರ ಉಳಿದಿದೆ. 2013ರಲ್ಲಿ ಈ ರೋಗಕ್ಕೆ ರಾಜ್ಯದಲ್ಲಿ ಸಾವಿರಾರು ರಾಸುಗಳು ಸತ್ತದ್ದನ್ನು ರೈತರು ಮರೆತಿಲ್ಲ. ಗೊರಸು ಸೀಳಿದ ಪ್ರಾಣಿಗಳಿಗೆಲ್ಲ ಬರುವ ಈ ರೋಗ ಕಾಟಿ, ಜಿಂಕೆ, ಕಡವೆಗಳಿಗೂ ತಗುಲಬಲ್ಲದು. ದೊಡ್ಡರೋಗದ ಲಸಿಕೆ ಒಮ್ಮೆ ಹಾಕಿದರೆ ಬಹುಮಟ್ಟಿಗೆ ಜೀವನಪೂರ್ತಿ ರಕ್ಷಣೆ ಕೊಡುತ್ತಿತ್ತು. ಕಾಲುಬಾಯಿ ಜ್ವರದ ಲಸಿಕೆಯ ಬಲ ಕೆಲವೇ ತಿಂಗಳು. 6 ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕು. ಒಂದು ಸುತ್ತು ತಪ್ಪಿದರೂ ಕಾಡಂಚಿನ ರಕ್ಷಣಾ ಕವಚ ಹರಿಯುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ 2030ರ ವೇಳೆಗೆ ಈ ರೋಗದ ನಿರ್ಮೂಲನೆಯ ಗುರಿ ಇಟ್ಟುಕೊಂಡಿದೆ.

ದನಗಳ ಕ್ಷಯ ನಮ್ಮಲ್ಲೂ ಇದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಭಾರತದ ಶೇ 7.3ರಷ್ಟು ದನ-ಎಮ್ಮೆಗಳಲ್ಲಿ ಸೋಂಕಿರಬಹುದೆಂದು ಅಂದಾಜಿಸಿದೆ. ಸೋಂಕಿತ ರಾಸುವನ್ನು ಪತ್ತೆಹಚ್ಚಿ ವಧಿಸುವ ಇಂಗ್ಲೆಂಡಿನ ಕ್ರಮ ಇಲ್ಲಿ ನಡೆಯುವಂಥದ್ದಲ್ಲ. ಒಂದೆರಡು ಹಸು ಸಾಕಿದ ಕುಟುಂಬಕ್ಕೆ ಆ ನಷ್ಟ ಭರಿಸಲಾಗದು; ಜನರ ಭಾವನೆ, ಗೋಹತ್ಯೆ ನಿಷೇಧದ ಕಾನೂನು ಎರಡೂ ಅದಕ್ಕೆ ವಿರುದ್ಧ.

ಮೇವಿನ ಪ್ರಶ್ನೆ

ಕಾಡಿಗೆ ದನ ಬಿಡದಿದ್ದರೆ ಸಮಸ್ಯೆಯೇ ಇಲ್ಲವೆಂದು ನಗರದಲ್ಲಿ ಕುಳಿತು ಹೇಳುವುದು ಸುಲಭ. ಗುಂಡ್ಲುಪೇಟೆ, ಎಚ್.ಡಿ. ಕೋಟೆ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ದನವೆಂದರೆ ಹಾಲಷ್ಟೇ ಅಲ್ಲ. ಉಳುಮೆ, ಗೊಬ್ಬರ, ಕಷ್ಟಕಾಲದ ಆಪದ್ಧನ. ಬಂಡೀಪುರದ ಅಂಚಿನ ಹಳ್ಳಿಗಳಿಂದ ಸೆಗಣಿ ಗೊಬ್ಬರ ಕಾಫಿ ತೋಟಗಳಿಗೆ ಮಾರಾಟವಾಗುತ್ತಿದ್ದುದನ್ನೂ, ಅದಕ್ಕಾಗಿ ಕಾಡಿಗಿಳಿಯುವ ದನಗಳು ಹೆಚ್ಚಿದ್ದನ್ನೂ 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ವನ್ಯಜೀವಿಧಾಮದಲ್ಲಿ ವಿಷ ಬೆರೆತ ದನದ ಕಳೇಬರ ತಿಂದು ತಾಯಿ ಹುಲಿಯೂ ಅದರ 4 ಮರಿಗಳೂ ಸತ್ತವು. ಮರುತಿಂಗಳು ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಕಾಡಿನಲ್ಲಿ ಜಾನುವಾರು ಮೇಯಿಸುವುದನ್ನು ತಡೆಯಲು ಸೂಚಿಸಿದಾಗ ರೈತರಿಂದ ತೀವ್ರ ವಿರೋಧ ವ್ಯಕ್ತವಾಯಿತು. ತಲೆಮಾರುಗಳಿಂದ ಮೇಯಿಸಿದ ಜಾಗ ಬಿಟ್ಟು ಎಲ್ಲಿಗೆ ಹೋಗುವುದೆಂಬ ಅವರ ಪ್ರಶ್ನೆಗೆ ಗೋಮಾಳ ಉಳಿಸುವ, ಮೇವು ಒದಗಿಸುವ ಉತ್ತರ ಬೇಕಾಗಿದೆ.

ನಿಷೇಧವನ್ನು ಕುರಿತ ವಾದ ಏನೇ ಇರಲಿ, ಲಸಿಕೆಯ ವಿಷಯದಲ್ಲಿ ರೈತನಿಗೂ ಕಾಟಿಗೂ ಇರುವುದು ಒಂದೇ ಹಿತ. ಆದರೆ ಅಡವಿಯಲ್ಲೇ ಹಗಲು ಕಳೆಯುವ ಬಡಕಲು ದನವನ್ನು ಹಿಡಿದು ಚುಚ್ಚುಮದ್ದು ಹಾಕುವುದು ಡೈರಿ ಹಸುವಿಗೆ ಹಾಕಿದಷ್ಟು ಸುಲಭವಲ್ಲ. ಪಶುಸಂಗೋಪನಾ ಇಲಾಖೆ, ಅರಣ್ಯ ಇಲಾಖೆ ಜತೆಗೂಡಿ, ದನಗಳು ದೊಡ್ಡಿಯಿಂದ ಹೊರಡುವ ಮುನ್ನವೇ ಹಳ್ಳಿ ತಲುಪಬೇಕು. 33ಎ ಸೆಕ್ಷನ್‌ನ 5 ಕಿ.ಮೀ. ಪಟ್ಟಿ ಕಾಗದದಲ್ಲಷ್ಟೇ ಉಳಿದರೆ 1968 ಬೇರೆ ರೋಗದ ಹೆಸರಿನಲ್ಲಿ ಮರಳಬಹುದು.

ಗಮನಿಸಿ: ರಾಸುಗಳಲ್ಲಿ ಜ್ವರ, ಜೊಲ್ಲು, ಬಾಯಿ ಅಥವಾ ಗೊರಸಿನ ಹುಣ್ಣು ಕಂಡರೆ ಅವನ್ನು ಮೇಯಲು ಬಿಡದೆ ಪಶುವೈದ್ಯರಿಗೆ ತಿಳಿಸಬೇಕು. ಪಶು ಸಹಾಯವಾಣಿ ಸಂಖ್ಯೆ 1962. ಹಠಾತ್ತಾಗಿ ಸತ್ತ ದನ ನೆರಡಿ ರೋಗದಿಂದ ಸತ್ತಿರಬಹುದಾದ ಕಾರಣ ಅದನ್ನು ಕೊಯ್ಯಬಾರದು, ಕಾಡಿನಲ್ಲಿ ಎಸೆಯಬಾರದು. ಹಸಿ ಹಾಲನ್ನು ಚೆನ್ನಾಗಿ ಕಾಯಿಸಿಯೇ ಕುಡಿಯಬೇಕು.