ಜೆಪ್ಪುವಿನ ಬೇಸ್, ಮಾರತ್ತಹಳ್ಳಿಯ ಟೆನರ್

ಬರೋಕ್ ಕಾಲದ ಸಮೂಹಗಾನ ಎಂದರೆ ದಂಡಿನ ಇಂಗ್ಲಿಷ್ ಮಂದಿಯ ಸೊತ್ತು ಎಂದು ಮಾರತ್ತಹಳ್ಳಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನವರ ನಂಬಿಕೆ. ಡಿಸೆಂಬರಿನಲ್ಲಿ ಹ್ಯಾಂಡೆಲನ ‘ಮೆಸಾಯ’ ಕೇಳಲು ಎಂ.ಜಿ. ರಸ್ತೆ ಕಡೆ ಹೊರಟರೆ, “ಅಂಕಲ್, ನಿಮಗೆ ಅದೆಲ್ಲ ಹೇಗೆ ಹಿಡಿಸ್ತು?” ಎಂದು ಲಿಫ್ಟಿನಲ್ಲೇ ವಿಚಾರಣೆ ಶುರುವಾಗುತ್ತದೆ. ಹಿಡಿಸುವುದೇನು ಬಂತು, ನಮ್ಮಜ್ಜ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಗೆ ಹೋಗುತ್ತಿದ್ದವರು. ಭಾನುವಾರ ಸಭೆಯಲ್ಲಿ ಬೇಸ್ ಹಾಡುತ್ತಿದ್ದರು. ಹಾಡುತ್ತಿದ್ದ ರಾಗಗಳಲ್ಲಿ ಕೆಲವು ಬಾಖ್‌ನ ಕೈಯಿಂದ ಹಾದುಬಂದವು. ಮಾತು ಮಾತ್ರ ಕನ್ನಡ.

ಆ ರಾಗಗಳಲ್ಲಿ ಒಂದರ ಜಾತಕ ಹೇಳುತ್ತೇನೆ. 1601ರಲ್ಲಿ ಹಾನ್ಸ್ ಲಿಯೋ ಹಾಸ್ಲರ್ ಎಂಬ ಜರ್ಮನ್ ಸಂಗೀತಗಾರ ಒಂದು ಪ್ರೇಮಗೀತೆ ಪ್ರಕಟಿಸಿದ. ಹುಡುಗಿಯೊಬ್ಬಳಿಂದ ತಲೆಕೆಟ್ಟ ಪ್ರಿಯಕರನ ಹಾಡು ಅದು. ಅದೇ ಮಟ್ಟು ಮುಂದೆ ಭಕ್ತಿಗೀತೆಗೆ ಹೋಯಿತು. 1656ರಲ್ಲಿ, ಶಿಲುಬೆಯ ಮೇಲಿನ ಯೇಸುವಿನ ಗಾಯಗೊಂಡ ತಲೆಯನ್ನು ಕುರಿತು ಪೌಲ್ ಗೆರ್ಹಾರ್ಟ್ ಬರೆದ ಸಾಹಿತ್ಯ ಅದಕ್ಕೆ ಕೂಡಿಕೊಂಡಿತು. ಕಂಪನಿ ನಾಟಕದ ಮಟ್ಟಿಗೆ ದೇವರನಾಮ ಹೊಂದಿಸಿದವರ ನಾಡಿನವರಾದ ನಮಗೆ ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ಬಾಖ್ 1727ರ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ನಲ್ಲಿ ಈ ಮಟ್ಟನ್ನು ಐದು ಸಲ ತರುತ್ತಾನೆ. ಮೇಲಿನ ದನಿ ಅದೇ. ಕೆಳಗಿನ ಮೂರು ದನಿಗಳ ಹೊಂದಾಣಿಕೆ ಮೊದಲೆರಡು ಸಲ ಒಂದೇ, ಆಮೇಲೆ ಬೇರೆಯಾಗುತ್ತ ಹೋಗುತ್ತದೆ. ಯೇಸು ಪ್ರಾಣಬಿಟ್ಟ ಮೇಲೆ ಬರುವ ಐದನೆಯದರಲ್ಲಂತೂ ಬೇಸ್‌ನವರು ಅರ್ಧರ್ಧ ಸ್ವರ ಜಾರುವುದನ್ನು ಕೇಳಬೇಕು.

ಆ ಕೃತಿಯನ್ನು ಲೋಕ ಹೆಚ್ಚೂಕಡಿಮೆ ಮರೆತೇಬಿಟ್ಟಿತ್ತು. 1829ರ ಮಾರ್ಚಿನಲ್ಲಿ ಇಪ್ಪತ್ತು ವರ್ಷದ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ಅದನ್ನು ಮತ್ತೆ ಹಾಡಿಸಿದ. ಅದಾಗಿ ಐದೇ ವರ್ಷಕ್ಕೆ, 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದಿಳಿದರು. ಅವರ ಪೆಟ್ಟಿಗೆಯಲ್ಲಿ ಪ್ಯಾಶನ್ ಇರಲಿಲ್ಲ. ಬಾಖ್ ಯಾವ ಸಭೆಹಾಡುಗಳನ್ನು ತಳಪಾಯ ಮಾಡಿಕೊಂಡಿದ್ದನೋ ಅವು ಮಾತ್ರ ಅವರಿಗೆ ಬಾಯಿಪಾಠ. 1836ರಲ್ಲಿ ಮೋಗ್ಲಿಂಗ್ ಬಂದರು, 1841ರಲ್ಲಿ ಅಚ್ಚುಕೂಟ ಬಂತು, ಜರ್ಮನ್ ಹಾಡುಗಳು ಕನ್ನಡಕ್ಕೆ ಬಂದವು. 1865ರ ಹೊತ್ತಿಗೆ ಹೆಂಚಿನ ಕೆಲಸವೂ ಶುರುವಾಗಿ, ಮತಾಂತರದಿಂದ ಕುಲಕಸುಬು ಕಳಕೊಂಡವರಿಗೆ ಸಂಬಳ ಸಿಕ್ಕಿತು. ನಮ್ಮ ಕಡೆ ಹಾಡಿಗೇ ‘ಸಂಗೀತ’ ಅನ್ನುತ್ತಾರೆ. ಅಯ್ಯನವರು ಸಂಗೀತದ ನಂಬರು ಹೇಳಿದರೆ ಸಾಕು, ಗಂಡಸರ ಸಾಲು ತಾನಾಗಿ ಟೆನರ್, ಬೇಸ್ ಎಂದು ಒಡೆಯುತ್ತಿತ್ತು.

ಕನ್ನಡದ ಮಾತನ್ನು ಈ ಮಟ್ಟುಗಳಿಗೆ ಹೊಂದಿಸುವುದು ಸುಲಭವಿರಲಿಲ್ಲ. ಗೆರ್ಹಾರ್ಟನ ಹಾಡಿನಲ್ಲಿ ಮೊದಲ ಸಾಲಿಗೆ ಏಳು ಸ್ವರ, ಎರಡನೆಯದಕ್ಕೆ ಆರು. ಸಾಲು ಶುರುವಾಗುವುದು ಪೆಟ್ಟಿಲ್ಲದ ಸ್ವರದಿಂದ. ಕನ್ನಡದ ಪದಕ್ಕೋ ಮೊದಲಕ್ಷರವೇ ಯಜಮಾನ. ‘ದೇವರೇ’ ಎಂದು ಶುರುಮಾಡಿದರೆ ‘ದೇ’ ಸಪ್ಪಗಾಗಿ ಪೆಟ್ಟು ‘ವ’ ಮೇಲೆ ಬೀಳುತ್ತದೆ. ಸ್ವರಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದವಾದ್ದರಿಂದ ಗುರು ಲಘು ಭೇದವೂ ಹೋಗಿ ಕಿವಿಗೆ ‘ದೆವಾರೆ’ ಎಂದು ಕೇಳುತ್ತದೆ. ಈ ಕಷ್ಟ ಚೆನ್ನಾಗಿ ಬಲ್ಲವರು ಅದೇ ಮಿಶನ್ನಿನ ಕಿಟ್ಟೆಲ್ ಇದ್ದಿರಬೇಕು. 1862ರ ‘ಕಥಾಮಾಲೆ’ಯಲ್ಲಿ ಅವರು ಯೇಸುವಿನ ಕಥೆಯನ್ನು ದೇಶೀ ಛಂದಸ್ಸಿನಲ್ಲೇ ಬರೆದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಕಾವ್ಯದ ದೃಷ್ಟಿಯಿಂದ ಕಿಟ್ಟೆಲ್ಲರ ದಾರಿಯೇ ಸರಿ. ಆದರೂ ನಾಲ್ಕು ದನಿಯಲ್ಲಿ ಎದ್ದು ನಿಲ್ಲುವ ‘ದೆವಾರೆ’ಯೇ ನನಗೆ ಇಷ್ಟ, ಅದಕ್ಕೇನು ಮಾಡಲಿ!

ರಾಗ ಕಡಲು ದಾಟಿದ್ದು ಇದೊಂದೇ ಸಲವಲ್ಲ. ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನವರ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೊಟ್ಟ ನೋಟ್ಟುಸ್ವರಗಳಲ್ಲಿ ಬ್ರಿಟಿಷ್ ರಾಷ್ಟ್ರಗೀತೆಯೂ ಇದೆ. ಮೈಸೂರಿನ ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ಅದು ಅರಮನೆಯ ಕಥೆ, ನನ್ನದು ಹೆಂಚಿನವರದು.

ಅಪ್ಪ ಎಚ್‌ಎಎಲ್‌ಗೆ ಸೇರಿ ಮಾರತ್ತಹಳ್ಳಿಗೆ ಬಂದಾಗ ಅಲ್ಲಿ ಕುರ್ಟ್ ಟ್ಯಾಂಕ್ ತಂಡದ ಜರ್ಮನ್ ಎಂಜಿನಿಯರುಗಳು ಮಾರುತ್ ವಿಮಾನದ ಕೆಲಸದಲ್ಲಿದ್ದರು. ಅಜ್ಜನಿಗೆ ಅನ್ನ ಕೊಟ್ಟವರೂ ಜರ್ಮನ್ನರೇ, ಅಪ್ಪನಿಗೆ ಕೆಲಸ ಕಲಿಸಿದವರೂ ಅವರೇ! ಪೂರ್ವಕ್ಕೆ, 1882ರಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಹುಟ್ಟಿದ ವೈಟ್‌ಫೀಲ್ಡಿನ ಮೆಮೋರಿಯಲ್ ಚರ್ಚ್ ಇತ್ತು. ಆದರೆ ಕನ್ನಡ ಸಭೆ ಬೇಕೆಂದರೆ ಪೇಟೆಗೇ ಹೋಗಬೇಕಿತ್ತು. ಅಪ್ಪ ಟೆನರ್ ಸಾಲನ್ನು ಸೋಲ್ಫಾ ಅಕ್ಷರಗಳಲ್ಲಿ ಕಾರ್ಖಾನೆಯ ನೋಟ್‌ಪುಸ್ತಕದ ಹಿಂಬದಿಗೆ ಬರೆದುಕೊಂಡು, ಬಸ್ಸಿನಲ್ಲಿ ಮೂಗಿನಲ್ಲೇ ಅಭ್ಯಾಸ ಮಾಡುತ್ತಿದ್ದರು.

ಈಗ ಕಚೇರಿ ಕೇಳುವುದಕ್ಕೂ ಅದೇ ದಾರಿ, ಇಮ್ಮಡಿ ಹೊತ್ತು. 1742ರ ಏಪ್ರಿಲ್ 13ರಂದು ಡಬ್ಲಿನ್ನಿನಲ್ಲಿ ‘ಮೆಸಾಯ’ದ ಮೊದಲ ಪ್ರದರ್ಶನಕ್ಕೆ ಜನ ಹಿಡಿಸಲೆಂದು ಹೆಂಗಸರು ಲಂಗದ ಬಳೆ, ಗಂಡಸರು ಖಡ್ಗ ಬಿಟ್ಟು ಬರಲಿ ಎಂದು ಕೇಳಿಕೊಂಡಿದ್ದರಂತೆ. ನಮ್ಮಲ್ಲಿ ಕಾರು ಬಿಟ್ಟು ಬನ್ನಿ ಅನ್ನಬೇಕು. ‘ಹಲ್ಲೆಲೂಯ’ಕ್ಕೆ ಎಲ್ಲರೂ ಏಳುತ್ತಾರೆ, ನಾನೂ ಏಳುತ್ತೇನೆ. ಆದರೆ ಮೈ ಜುಮ್ಮೆನ್ನುವುದು ಬಾಖ್‌ನ ಕೋರಾಲ್ (ಅದೇ ಸಭೆಹಾಡು) ಬಂದಾಗಲೇ: ಹಾಡುವವರೆಲ್ಲ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಾರೆ, ನನ್ನ ಗಂಟಲು ಟೆನರ್ ಸ್ವರಕ್ಕೆ ಹೊಂದಿಕೊಂಡುಬಿಡುತ್ತದೆ. ಪಕ್ಕದವರು ತಿರುಗಿ ನೋಡುತ್ತಾರೆ. ಬಾಖ್‌ನ ಕಾಲದ ಲೀಪ್‌ಜಿಗ್‌ನಲ್ಲಿ ಇವು ಊರಿಗೆಲ್ಲ ಗೊತ್ತಿದ್ದ ಹಾಡುಗಳು. ಟಿಕೆಟ್ ಕೊಂಡು ಬಾಯಿ ಮುಚ್ಚಿಕೊಂಡು ಕೇಳುವ ಶಿಸ್ತು ಆಮೇಲಿನದು.

ನಾನು ಕೇಳಲು ಹೋಗುವ ಕ್ವಾಯರಿನಲ್ಲಿ ಹಗಲು ಸಾಫ್ಟ್‌ವೇರ್ ಬರೆಯುವ ಮಲಯಾಳಿ, ಮಿಜೋ, ತಮಿಳು ಮಕ್ಕಳೇ ಹೆಚ್ಚು. ಅದನ್ನು ನಡೆಸುವ ಹುಡುಗಿಯ ಬಳಿ, ಶುಭ ಶುಕ್ರವಾರಕ್ಕೆ ಗೆರ್ಹಾರ್ಟನ ಆ ಹಾಡಿನ ಒಂದು ಚರಣ ಕನ್ನಡದಲ್ಲಿ ಆಗಲಿ ಎಂದೆ. “ಆಗಲಿ ಅಂಕಲ್, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಿ, ಯಾವ ಸ್ವರಕ್ಕೆ ಯಾವ ಅಕ್ಷರ ಅಂತ ಗೆರೆ ಹಾಕಿ” ಎಂದಳು. ಹಾಕುತ್ತಿದ್ದೇನೆ. ಎರಡನೆಯ ಸಾಲಿನಲ್ಲಿ ಒಂದಕ್ಷರ ಜಾಸ್ತಿ ಉಳಿಯುತ್ತಿದೆ. ಅಜ್ಜನ ಕಾಲದವರು ಅದನ್ನು ಎಲ್ಲಿ ನುಂಗುತ್ತಿದ್ದರೆಂದು ಮಂಗಳೂರಿನ ಅತ್ತೆಗೆ ಫೋನ್ ಮಾಡಿ ಕೇಳಬೇಕು.