ಖಾರಕ್ಕೆ ಊರು ಯಾವುದು?

ಬ್ಯಾಂಕಾಕಿನ ಸಯಾಮ್ ಸ್ಕ್ವೇರ್ ಸದಾ ಗಿಜಿಗುಡುವ ಪೇಟೆ. ಚೂಲಲೊಂಗ್‌ಕಾರ್ನ್ ವಿಶ್ವವಿದ್ಯಾಲಯದ ಜಾಗದಲ್ಲಿ 1960ರ ದಶಕದಲ್ಲಿ ಎದ್ದ ಇಲ್ಲಿನ ಗಲ್ಲಿಗಳಲ್ಲಿ ಬಟ್ಟೆಯಂಗಡಿಗಳ ನಡುನಡುವೆ ಹೋಟೆಲುಗಳು. ಅಲ್ಲಿ ನಾನು ತರಿಸಿಕೊಂಡದ್ದು ಎರಡು ತಿನಿಸು. ಎರಡರ ಹಿಂದೆಯೂ ಒಂದೊಂದು ಚರಿತ್ರೆಯಿದೆ.

ಮೊದಲನೆಯದು ಪದ್ ಥಾಯ್. ಹುಣಸೆಹುಳಿ, ಬೆಲ್ಲ, ಕಡಲೆಕಾಯಿ ಪುಡಿ ಹಾಕಿ ಹುರಿದ ಅಕ್ಕಿ ಶ್ಯಾವಿಗೆ. ಇದೇನು ಪುರಾತನ ಅಡುಗೆಯಲ್ಲ. ಶ್ಯಾವಿಗೆ ಹುರಿಯುವ ವಿದ್ಯೆ ಚೀನೀಯರದು. 1939ರಲ್ಲಿ ಸಯಾಮಿಗೆ ಥಾಯ್ಲೆಂಡ್ ಎಂದು ಹೆಸರಿಟ್ಟ ಪ್ರಧಾನಿ ಪಿಬುನ್ ಸೋಂಗ್‌ಖ್ರಾಮರ ಸರ್ಕಾರ, ಶ್ಯಾವಿಗೆ ತಿನ್ನಿ, ಗಾಡಿಯಲ್ಲಿಟ್ಟು ಮಾರಿ ಎಂದು ಜನರನ್ನು ಹುರಿದುಂಬಿಸಿತು. ದೇಶದ ಹೊಸ ಹೆಸರು ತಟ್ಟೆಗೂ ಬಂತು.

ಎರಡನೆಯದು ಸೋಮ್ ತಾಮ್. ಪರಂಗಿಕಾಯಿ ತುರಿಯನ್ನು ಮೆಣಸಿನಕಾಯಿ, ನಿಂಬೆರಸ, ಉಪ್ಪುಮೀನಿನ ರಸದ ಜೊತೆ ಒರಳಲ್ಲಿ ಕುಟ್ಟಿದ ಕೋಸಂಬರಿ. ಇದನ್ನು ಹರಡಲು ಸರ್ಕಾರ ಬೇಕಾಗಲಿಲ್ಲ. ಈಶಾನ್ಯದ ಬಡ ಇಸಾನ್ ಸೀಮೆಯಿಂದ ಕೂಲಿ ಹುಡುಕಿ ಬಂದವರು ಈ ರುಚಿಯನ್ನೂ ರಾಜಧಾನಿಗೆ ತಂದರು.

ಪರಂಗಿ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ಪರಂಗಿಯ ಪರದೇಶಿತನವನ್ನು ನಮ್ಮ ಕನ್ನಡದ ಹೆಸರೇ ಹೇಳುತ್ತದೆ. ಥಾಯ್ ಭಾಷೆಯಲ್ಲಿ ಮೆಣಸಿನಕಾಯಿಗೆ 'ಫ್ರಿಕ್', ಕರಿಮೆಣಸಿಗೆ 'ಫ್ರಿಕ್ ಥಾಯ್'. ಹೊಸದಾಗಿ ಬಂದ ಸೊಸೆ ಹೆಸರನ್ನೇ ತೆಗೆದುಕೊಂಡಳು; ಅತ್ತೆ ಊರ ಹೆಸರು ಸೇರಿಸಿಕೊಂಡು ಗುರುತು ಉಳಿಸಿಕೊಳ್ಳಬೇಕಾಯಿತು! ನಮ್ಮಲ್ಲೂ ಮೆಣಸಿನಿಂದಲೇ ಮೆಣಸಿನಕಾಯಿ ಹೆಸರು ಪಡೆಯಿತು. ಹಳೆಯ ಮೆಣಸು 'ಕಾಳುಮೆಣಸು' ಆಯಿತು.

ಶ್ಯಾವಿಗೆ ತಿನ್ನಿರೆಂದ ಪ್ರಧಾನಿಯ ಹೆಸರು ಚರಿತ್ರೆಯಲ್ಲಿದೆ. ಪರದೇಶದ ಕಾಯಿಯನ್ನು ಕುಟ್ಟಿ, ರುಚಿ ನೋಡಿ, ಮನೆಯದನ್ನಾಗಿ ಮಾಡಿದ ಹೆಂಗಸರ ಹೆಸರು ಅಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. 'ತಲತಲಾಂತರದ ಅಡುಗೆ' ಎನ್ನುವಾಗ ನಾವು ನೆನೆಯಬೇಕಾದದ್ದು ಅವರನ್ನೇ.